ದೂರದ ಗೆಳೆಯರು, ಒಂದೇ ಮಣೆ

ಎರಡು ಸಂಚಿಕೆಗಳ ಹಿಂದೆ ಇದೇ ಅಂಕಣದಲ್ಲಿ, ಬೇರೆ ಬೇರೆ ಊರುಗಳಲ್ಲಿರುವವರು ಗಣಕಯಂತ್ರದ ಮೂಲಕ ಒಟ್ಟಿಗೆ ಬೋರ್ಡ್ ಗೇಮ್ ಆಡಬಹುದು ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ಒಂದು ಸಾಲಿಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದಲೇ ಸಾಕಷ್ಟು ಪತ್ರಗಳು ಬಂದಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾವು ನಾಲ್ವರು ಗೆಳೆಯರು ಬಹಳ ವರ್ಷ ಭಾನುವಾರ ಸಂಜೆ ಮಂಡಕ್ಕಿ, ಮೆಣಸಿನಕಾಯಿ ಮುಂದಿಟ್ಟುಕೊಂಡು ಕೇರಂ, ಚದುರಂಗ, ಚೌಕಾಬಾರ ಆಡುತ್ತಿದ್ದೆವು. ಈಗ ಒಬ್ಬರು ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ, ಒಬ್ಬರು ಪುಣೆಯಲ್ಲಿದ್ದಾರೆ, ಇನ್ನೊಬ್ಬರು ಹರಿಹರದಲ್ಲೇ ಇದ್ದರೂ ಮಂಡಿನೋವಿನಿಂದ ಬರಲಾರರು. ಆನ್‌ಲೈನ್‌ನಲ್ಲಿ ಆಡಿ ಎಂದು ಮೊಮ್ಮಗ ಹತ್ತು ಹೆಸರು ಹೇಳಿ ತಲೆ ಕೆಡಿಸಿದ್ದಾನೆ. ಯಾವುದನ್ನು ಆರಿಸಲಿ?
– ನಿವೃತ್ತ ಅಧ್ಯಾಪಕರು, ವಿದ್ಯಾನಗರ, ದಾವಣಗೆರೆ

ಉತ್ತರ: ಹತ್ತು ಹೆಸರುಗಳನ್ನು ಪಕ್ಕಕ್ಕಿಟ್ಟು ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಆಟದ ನಿಯಮವನ್ನು ಕಾಯುವವರು ಯಾರು, ಯಂತ್ರವೋ ನೀವೋ? ಈ ಜಾತಿಯ ತಂತ್ರಾಂಶಗಳೆಲ್ಲ ಈ ಒಂದು ಪ್ರಶ್ನೆಯ ಮೇಲೆಯೇ ಎರಡು ಪಂಗಡಗಳಾಗಿ ಒಡೆಯುತ್ತವೆ. ಉಳಿದ ಗುಣಾವಗುಣಗಳೆಲ್ಲ ಅದರ ಹಿಂದೆಯೇ ಬರುತ್ತವೆ.

ಮೊದಲ ಪಂಗಡದಲ್ಲಿ ನಿಯಮ ಯಂತ್ರದ ಕೈಯಲ್ಲಿದೆ. 2010ರಲ್ಲಿ ಫ್ರಾನ್ಸ್‌ನಲ್ಲಿ ಆರಂಭವಾಗಿ 2021ರಲ್ಲಿ ಅಸ್ಮೊದೇ ಎಂಬ ದೊಡ್ಡ ಆಟ ಪ್ರಕಾಶನ ಸಂಸ್ಥೆಯ ಪಾಲಾದ ಬೋರ್ಡ್ ಗೇಮ್ ಅರೀನಾ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಯಾವುದನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಬ್ರೌಸರ್ ಇದ್ದರೆ ಸಾಕು, ಫೋನಿನಲ್ಲೂ ನಡೆಯುತ್ತದೆ. ನಿಮ್ಮ ಸರದಿ ಬಂದಾಗ ಎಲ್ಲೆಲ್ಲಿ ಕಾಯಿ ಇಡಬಹುದೋ ಆ ಮನೆಗಳಷ್ಟೇ ಬೆಳಗುತ್ತವೆ, ತಪ್ಪು ನಡೆಯನ್ನು ಇಡಲು ಹೋದರೂ ಅದು ಒಪ್ಪುವುದಿಲ್ಲ, ಅಂಕವನ್ನೂ ತಾನೇ ಕೂಡಿ ಹೇಳುತ್ತದೆ. ಇದೇ ಕಾರಣಕ್ಕೆ ಹೊಸ ಆಟ ಕಲಿಯುವವರಿಗೆ ಅದು ತಾಳ್ಮೆಯ ಮೇಷ್ಟ್ರು. ಚದುರಂಗವೊಂದೇ ಸಾಕೆನ್ನುವವರಿಗೆ ಲಿಚೆಸ್ ಇದೆ, ಅದು ಪೂರ್ತಿ ಉಚಿತ, ಜಾಹೀರಾತಿನ ಕಾಟವೂ ಇಲ್ಲ.

ಎರಡನೆಯ ಪಂಗಡದ್ದು ಬರೀ ಮೇಜು. 2015ರಲ್ಲಿ ಬಂದ ಟೇಬಲ್‌ಟಾಪ್ ಸಿಮ್ಯುಲೇಟರ್ ಪರದೆಯ ಮೇಲೆ ಮೂರು ಆಯಾಮದ ಒಂದು ಮೇಜು, ಕಾಯಿ, ಎಲೆ, ದಾಳಗಳನ್ನು ಕೊಡುತ್ತದೆ. ದಾಳ ಎಸೆದರೆ ಉರುಳುತ್ತದೆ, ಕಾಯಿಗೆ ತಗುಲಿದರೆ ಕಾಯಿ ಬೀಳುತ್ತದೆ, ಕೈಯಲ್ಲಿರುವ ಎಲೆ ಎದುರಿನವರಿಗೆ ಕಾಣುವುದಿಲ್ಲ. ಆದರೆ ನೀವು ಆಡುತ್ತಿರುವುದು ಚದುರಂಗವೋ ಚೌಕಾಬಾರವೋ ಎಂಬುದು ಮೂಲತಃ ಅದಕ್ಕೆ ಗೊತ್ತಿಲ್ಲ. ಆನೆಯನ್ನು ಅಡ್ಡಾದಿಡ್ಡಿ ನಡೆಸಿದರೂ ಅದು ಸುಮ್ಮನಿರುತ್ತದೆ, ಕೇಳಬೇಕಾದವರು ಎದುರು ಕೂತವರು. ಇದಕ್ಕೆ ಒಳ್ಳೆಯ ಗಣಕಯಂತ್ರ ಬೇಕು, ಆಡುವ ಪ್ರತಿಯೊಬ್ಬರೂ ಒಂದೊಂದು ಪ್ರತಿಯನ್ನು ಕೊಳ್ಳಬೇಕು. ಟೇಬಲ್‌ಟೋಪಿಯಾ ಇದೇ ಬಗೆಯದಾದರೂ ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತದೆ. ಯುದ್ಧದ ಆಟಗಳನ್ನು ಆಡುವ ಹಳೆಯ ಹುಲಿಗಳು ಇಂದಿಗೂ ವ್ಯಾಸಲ್ ಎಂಬ ಉಚಿತ, ಮುಕ್ತ ತಂತ್ರಾಂಶವನ್ನೇ ನೆಚ್ಚಿಕೊಂಡಿದ್ದಾರೆ. ನೋಡಲು ಅದು ಹಳೆಯ ಸರ್ಕಾರಿ ಕಚೇರಿಯಂತಿದ್ದರೂ ಕೆಲಸದಲ್ಲಿ ಮೋಸವಿಲ್ಲ.

ನಿಮ್ಮ ನಾಲ್ವರಿಗೆ ನನ್ನ ಸಲಹೆ ಹೀಗಿದೆ. ಮೊದಲ ಒಂದು ತಿಂಗಳು ಯಂತ್ರವೇ ನಿಯಮ ಕಾಯುವ ಕಡೆ, ಯಾರಿಗೂ ಗೊತ್ತಿಲ್ಲದ ಒಂದು ಸರಳ ಆಟವನ್ನು ಆಡಿ. ನೆಲದ ತುಂಡುಗಳನ್ನು ಜೋಡಿಸುತ್ತ ಊರು, ದಾರಿ, ಹೊಲ ಕಟ್ಟುವ ಕಾರ್ಕಾಸೋನ್ ಅಂಥದ್ದು. ಮೌಸ್ ಹಿಡಿಯುವುದು ಅಭ್ಯಾಸವಾಗುವುದಕ್ಕೂ ಅದು ನೆರವಾಗುತ್ತದೆ. ಕೇರಂ ಆಸೆಯನ್ನು ಮಾತ್ರ ಬಿಟ್ಟುಬಿಡಿ, ಬೆರಳಿನ ಆಟ ಪರದೆಗೆ ಬಂದರೆ ಅದು ಬೇರೆಯೇ ಆಟ. ಇನ್ನೊಂದು ಮಾತು: ಈ ತಂತ್ರಾಂಶಗಳಲ್ಲೇ ಮಾತಿನ ಸೌಲಭ್ಯವಿದ್ದರೂ ಅದನ್ನು ನೆಚ್ಚಿಕೊಳ್ಳಬೇಡಿ. ವಾಟ್ಸ್‌ಆ್ಯಪ್‌ನ ಗುಂಪು ಕರೆಯನ್ನು ಫೋನಿನಲ್ಲಿ ಬೇರೆಯಾಗಿ ತೆರೆದಿಟ್ಟುಕೊಳ್ಳಿ. ಆಟ ಸಿಕ್ಕಿಹಾಕಿಕೊಂಡಾಗಲೂ ಹರಟೆ ನಿಲ್ಲುವುದಿಲ್ಲ. ನಿಮ್ಮ ಭಾನುವಾರಗಳಲ್ಲಿ ಅರ್ಧ ಆಟವಾದರೆ ಇನ್ನರ್ಧ ಹರಟೆಯಾಗಿತ್ತಲ್ಲವೇ?

ಪ್ರಶ್ನೆ: ನಮ್ಮ ಅಜ್ಜಿಯ ಚೌಕಾಬಾರ, ಹುಲಿ-ಕುರಿ ಆಟಗಳು ಇಂಥ ತಂತ್ರಾಂಶದಲ್ಲಿ ಸಿಗುತ್ತವೆಯೇ, ಅಥವಾ ನಾವೇ ಮಾಡಿಕೊಳ್ಳಬಹುದೇ? ನನಗೆ ಪ್ರೋಗ್ರಾಮಿಂಗ್ ಬರುವುದಿಲ್ಲ.
– ಗೃಹಿಣಿ, ಹೊಳಲ್ಕೆರೆ

ಉತ್ತರ: ಮಾಡಿಕೊಳ್ಳುವುದೇ ಮೇಲು, ಮತ್ತು ಪ್ರೋಗ್ರಾಮಿಂಗ್ ಬೇಕಿಲ್ಲ. ಕಾರಣವನ್ನು ಹಿಂದಿನ ಉತ್ತರದಲ್ಲೇ ಹೇಳಿದಂತಾಗಿದೆ: ಚೌಕಾಬಾರದ ನಿಯಮ ಓಣಿಗೊಂದು. ಒಂದಾದರೂ ಕಾಯಿ ಕಡಿಯದೆ ಒಳಮನೆಗೆ ಹೋಗುವಂತಿಲ್ಲ ಎನ್ನುವವರಿದ್ದಾರೆ, ಹೋಗಬಹುದು ಎನ್ನುವವರೂ ಇದ್ದಾರೆ. ಜೋಡಿಕಾಯಿಗೆ ರಕ್ಷಣೆ ಉಂಟೆನ್ನುವವರಿಗೂ ಇಲ್ಲವೆನ್ನುವವರಿಗೂ ಜಗಳ ಇನ್ನೂ ಮುಗಿದಿಲ್ಲ. ಯಾರೋ ಒಬ್ಬರ ಮನೆಯ ನಿಯಮವನ್ನು ಯಂತ್ರಕ್ಕೆ ಕಲಿಸಿದರೆ ಉಳಿದ ಮನೆಗಳ ಆಟ ಅದರಲ್ಲಿ ಆಡಲು ಬಾರದು. ಬರೀ ಮೇಜಿನಲ್ಲಾದರೆ ನಿಮ್ಮ ಅಜ್ಜಿಯ ಮಾತೇ ನಡೆಯುತ್ತದೆ.

ಬೇಕಾದ ಸಾಮಾನು ಇಷ್ಟೇ. ಐದಕ್ಕೈದು, ಅಂದರೆ 25 ಮನೆಗಳ ಮಣೆಯನ್ನು ಬಿಳಿ ಹಾಳೆಯ ಮೇಲೆ ದಪ್ಪ ಗೆರೆಯಲ್ಲಿ ಬರೆದು, ನಾಲ್ಕು ಬದಿಗಳ ನಡುಮನೆಗಳಿಗೂ ಮಧ್ಯದ ಮನೆಗೂ ಕಾಟು ಹಾಕಿ, ನೇರವಾಗಿ ಮೇಲಿನಿಂದ ಫೋಟೊ ತೆಗೆಯಿರಿ. ಪ್ಲೇಯಿಂಗ್‌ಕಾರ್ಡ್ಸ್ ಡಾಟ್ ಐಓ ಎಂಬ ಉಚಿತ ತಾಣದಲ್ಲಿ ಒಂದು ಖಾಲಿ ಕೋಣೆ ತೆರೆದು ಆ ಚಿತ್ರವನ್ನು ಹಾಸಾಗಿ ಇಟ್ಟು, ಪ್ರತಿ ಆಟಗಾರರಿಗೆ ನಾಲ್ಕು ನಾಲ್ಕು ಬಣ್ಣದ ಕಾಯಿ ಇಟ್ಟು, ಕೋಣೆಯ ಕೊಂಡಿಯನ್ನು ಮನೆಯವರಿಗೆ ಕಳುಹಿಸಿದರೆ ಆಟಕ್ಕೆ ಅಣಿಯಾದಂತೆಯೇ. ಟೇಬಲ್‌ಟಾಪ್ ಸಿಮ್ಯುಲೇಟರ್ ಇದ್ದವರು ಅದರಲ್ಲೂ ಇದೇ ರೀತಿ ತಮ್ಮದೇ ಚಿತ್ರದ ಮಣೆ, ಕಾಯಿಗಳನ್ನು ಸೇರಿಸಿಕೊಳ್ಳಬಹುದು.

ತೊಡಕು ಇರುವುದು ಕವಡೆಯಲ್ಲಿ, ಮತ್ತು ನನ್ನ ಮಟ್ಟಿಗೆ ಈ ವಿಷಯದ ಸ್ವಾರಸ್ಯವೂ ಅಲ್ಲೇ ಇದೆ. ನಾಲ್ಕು ಕವಡೆಗಳ ಬದಲು ಎರಡು ಮುಖದ ನಾಲ್ಕು ಬಿಲ್ಲೆಗಳನ್ನು ಚಿಮ್ಮಿಸಿದರೆ ಸಾಕೆಂದು ತೋರುತ್ತದೆ. ಬಿಲ್ಲೆಯ ಎರಡು ಮುಖಗಳೂ ಸಮ ಸಂಖ್ಯೆಯಲ್ಲಿ ಬೀಳುವುದರಿಂದ, ನಾಲ್ಕೂ ಬಾಯಿ ಮೇಲಾಗಿ ಚೌಕ ಬೀಳುವ ಸಾಧ್ಯತೆ 16ರಲ್ಲಿ 1, ನಾಲ್ಕೂ ಬೋರಲಾಗಿ ಬಾರ ಬೀಳುವ ಸಾಧ್ಯತೆಯೂ 16ರಲ್ಲಿ 1, ಎರಡು ಬೀಳುವುದು 16ರಲ್ಲಿ 6. ಆದರೆ ನಿಜವಾದ ಕವಡೆಗೆ ಒಂದು ಕಡೆ ಬೆನ್ನಿದೆ, ಇನ್ನೊಂದು ಕಡೆ ಬಾಯಿದೆ; ಅದು ಎರಡು ಕಡೆಗೂ ಸಮನಾಗಿ ಬೀಳಬೇಕೆಂದೇನಿಲ್ಲ. ಹತ್ತು ಸಲದಲ್ಲಿ ನಾಲ್ಕೇ ಸಲ ಬಾಯಿ ಮೇಲಾಗಿ ಬೀಳುವ ಕವಡೆಗಳು ಎಂದುಕೊಳ್ಳಿ. ಆಗ ನೂರು ಎಸೆತಕ್ಕೆ ಚೌಕ ಸುಮಾರು 2.6 ಸಲ, ಬಾರ ಸುಮಾರು 13 ಸಲ ಬೀಳುತ್ತದೆ. ಕವಡೆಯ ಸ್ವಭಾವ ಅಷ್ಟೇ ಬದಲಾದರೂ ಬಾರವು ಚೌಕದ ಐದು ಪಾಲಾಗುತ್ತದೆ, ಆಟದ ಓಟವೇ ಬೇರೆಯಾಗುತ್ತದೆ. ನಿಮ್ಮ ಅಜ್ಜಿಯ ಕವಡೆಗಳು ಮನೆಯಲ್ಲಿದ್ದರೆ ಒಂದನ್ನೇ ಇನ್ನೂರು ಸಲ ಎಸೆದು ಎಣಿಸಿ ಬರೆದಿಡಿ. ಅದಕ್ಕಿಂತಲೂ ಸುಲಭದ ದಾರಿ, ಕವಡೆ ಇರುವವರು ಫೋನಿನ ಕ್ಯಾಮೆರಾ ಮುಂದೆ ಎಲ್ಲರ ಪರವಾಗಿಯೂ ಎಸೆಯುವುದು, ಕಾಯಿಗಳನ್ನು ಮಾತ್ರ ಪರದೆಯ ಮೇಲೆ ನಡೆಸುವುದು. ನಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದು ಹೀಗೆಯೇ, ಏಕೆಂದರೆ ಯಂತ್ರ ಹೇಳಿದ ಬಾರವನ್ನು ನನ್ನ ಚಿಕ್ಕಮ್ಮ ಬಾರವೆಂದು ಒಪ್ಪುವುದಿಲ್ಲ.

ಹುಲಿ-ಕುರಿ ಇನ್ನೂ ಸುಲಭ. ಮೂರು ಹುಲಿ, ಹದಿನೈದು ಕುರಿ, ಗೆರೆಗಳು ಕೂಡುವ 23 ಜಾಗಗಳು, ಅದೃಷ್ಟಕ್ಕೆ ಅಲ್ಲಿ ಎಡೆಯೇ ಇಲ್ಲ. ಮಣೆಯಾಟಗಳಿಗೆ ರಾಜಾಶ್ರಯ ಸಿಕ್ಕಿದ ನಾಡು ನಮ್ಮದು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸ್ವತಃ ಹೊಸ ಮಣೆಯಾಟಗಳನ್ನು ರೂಪಿಸಿದವರು, ಚದುರಂಗದ ಕುದುರೆ ಪ್ರತಿ ಮನೆಯನ್ನೂ ಒಮ್ಮೊಮ್ಮೆಯೇ ಮುಟ್ಟಿ ಬರುವ ಬಂಧಗಳನ್ನು ರಚಿಸಿದವರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಹಳೆಯ ಆಟಗಳ ಮಣೆಗಳನ್ನು ಹೊಸದಾಗಿ ಮಾಡಿಸಿ ಪ್ರದರ್ಶಿಸುತ್ತ ಬಂದಿದೆ. ಚಿತ್ರ ಬರೆಯುವ ಮೊದಲು ಅಂಥ ಒಂದು ಮಣೆಯನ್ನು ನೋಡಿದರೆ ಗೆರೆಗಳ ಅಂದ ತಿಳಿಯುತ್ತದೆ.

ಪ್ರಶ್ನೆ: ಕಾಲೇಜಿನ ಗೆಳೆಯರೊಂದಿಗೆ ಡಂಜನ್ಸ್ ಅಂಡ್ ಡ್ರಾಗನ್ಸ್ ಮಾದರಿಯ ರೋಲ್‌ಪ್ಲೇಯಿಂಗ್ ಆಟವನ್ನು ಆನ್‌ಲೈನ್‌ನಲ್ಲಿ ಆಡಬೇಕೆಂದಿದ್ದೇನೆ. ನಾನೇ ಗೇಮ್ ಮಾಸ್ಟರ್ ಆಗಿ, ಕಥೆಯನ್ನು ನಮ್ಮ ದುರ್ಗದ ಕೋಟೆಯಲ್ಲಿ ನಡೆಸಬೇಕೆಂಬ ಆಸೆ. ಆಟ ಕನ್ನಡದಲ್ಲಿಯೇ ಇರಬೇಕು. ಪುಸ್ತಕಗಳು ದುಬಾರಿ, ತಂತ್ರಾಂಶಗಳು ಹಲವು. ಎಲ್ಲಿಂದ ಆರಂಭಿಸಲಿ?
– ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಈ ಆಟವನ್ನು ಕಂಡರಿಯದ ಓದುಗರಿಗಾಗಿ ಮೊದಲು ಎರಡು ಮಾತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಅಮೆರಿಕದಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರಾಗನ್ಸ್ ಈ ಬಗೆಯ ಆಟಗಳಿಗೆ ಮೂಲ. ಒಬ್ಬರು ಗೇಮ್ ಮಾಸ್ಟರ್, ಅಂದರೆ ಕಥೆ ನಡೆಸುವವರು. ಉಳಿದವರಿಗೆ ಒಂದೊಂದು ಪಾತ್ರ. ತಾಳಮದ್ದಲೆಯ ಅರ್ಥಧಾರಿಯಂತೆ ಪಾತ್ರದ ಮಾತನ್ನು ಆ ಕ್ಷಣದಲ್ಲೇ ಕಟ್ಟಬೇಕು. ಆದರೆ ತಾಳಮದ್ದಲೆಯಲ್ಲಿ ಪ್ರಸಂಗದ ಮುಗಿತಾಯ ಮೊದಲೇ ಗೊತ್ತಿರುತ್ತದೆ, ಕರ್ಣ ಎಷ್ಟು ಚೆನ್ನಾಗಿ ವಾದಿಸಿದರೂ ಬದುಕುವುದಿಲ್ಲ. ಇಲ್ಲಿ ಮುಗಿತಾಯ ದಾಳದ ಕೈಯಲ್ಲಿದೆ. ಗೋಡೆ ಹತ್ತುತ್ತೇನೆ ಎಂದ ಆಟಗಾರ ಇಪ್ಪತ್ತು ಮುಖದ ದಾಳ ಎಸೆದು, ತನ್ನ ಪಾತ್ರದ ಕೌಶಲದ ಅಂಕ ಕೂಡಿಸಿ, ಗೇಮ್ ಮಾಸ್ಟರ್ ಹೇಳಿದ ಸಂಖ್ಯೆಯನ್ನು ಮುಟ್ಟಬೇಕು. ಕೌಶಲ 3, ಗುರಿ 15 ಎಂದಾದರೆ ದಾಳದಲ್ಲಿ 12 ಅಥವಾ ಹೆಚ್ಚು ಬೀಳಬೇಕು, ಅಂದರೆ ನೂರಕ್ಕೆ 45 ಸಾಧ್ಯತೆ. ಗೆಳೆಯನೊಬ್ಬ ಕೆಳಗಿನಿಂದ ಹೆಗಲು ಕೊಟ್ಟ ಎನ್ನಿ. ಆಗ ಎರಡು ದಾಳ ಎಸೆದು ದೊಡ್ಡದನ್ನು ಇಟ್ಟುಕೊಳ್ಳುವ ಅವಕಾಶ ಕೊಡಬಹುದು, ಸಾಧ್ಯತೆ ನೂರಕ್ಕೆ ಸುಮಾರು 70ಕ್ಕೆ ಏರುತ್ತದೆ.

ಪುಸ್ತಕದ ಖರ್ಚಿನ ಚಿಂತೆ ಬೇಡ. ಈ ಆಟದ ಐದನೆಯ ಆವೃತ್ತಿಯ ಮೂಲ ನಿಯಮಗಳ ಸುಮಾರು 400 ಪುಟಗಳ ಸಂಗ್ರಹವನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಲಾಗಿದೆ. ಮೂಲವನ್ನು ಹೆಸರಿಸಿದರೆ ಅದನ್ನು ಹಂಚಬಹುದು, ಬದಲಿಸಬಹುದು, ಕನ್ನಡಕ್ಕೂ ತರಬಹುದು. 400 ಪುಟ ಓದಿ ಮುಗಿಸಿ ಆಡೋಣ ಎಂದು ಕೂರಬೇಡಿ. ನಾಲ್ಕು ಪುಟದಷ್ಟು ನಿಯಮ ಗೊತ್ತಿದ್ದರೆ ಮೊದಲ ರಾತ್ರಿಯ ಆಟ ನಡೆಯುತ್ತದೆ.

ತಂತ್ರಾಂಶಕ್ಕೆ ಬರೋಣ. ಕಥೆಯ ಆಟಕ್ಕಾಗಿಯೇ ಇರುವ ಇವನ್ನು ವರ್ಚುವಲ್ ಟೇಬಲ್‌ಟಾಪ್ ಎನ್ನುತ್ತಾರೆ. ತೀರ ಹಗುರವಾದದ್ದು ಔಲ್‌ಬೇರ್ ರೋಡಿಯೊ. ಬ್ರೌಸರ್‌ನಲ್ಲಿ ನಕಾಶೆ, ಅದರ ಮೇಲೆ ಪಾತ್ರಗಳನ್ನು ಸೂಚಿಸುವ ಟೋಕನ್‌ಗಳು, ದಾಳ, ಹೆಚ್ಚಿನದೇನೂ ಇಲ್ಲ. 2012ರಿಂದ ಇರುವ ರೋಲ್20ಯಲ್ಲಿ ಪಾತ್ರದ ವಿವರಗಳ ಹಾಳೆ, ಲೆಕ್ಕ ಹಾಕುವ ದಾಳ, ಟಿಪ್ಪಣಿ, ಸಂಗೀತ ಎಲ್ಲ ಒಂದೇ ಕಡೆ ಇವೆ, ಉಚಿತ ಖಾತೆಯಲ್ಲೇ ಆರಂಭಿಸಬಹುದು. 2020ರಲ್ಲಿ ಬಂದ ಫೌಂಡ್ರಿಯನ್ನು ಗೇಮ್ ಮಾಸ್ಟರ್ ಒಬ್ಬರು ಒಮ್ಮೆ ಕೊಂಡರೆ ಸಾಕು, ಉಳಿದವರು ಬ್ರೌಸರ್ ಮೂಲಕ ಸೇರುತ್ತಾರೆ. ಆದರೆ ಅದು ನಿಮ್ಮ ಗಣಕಯಂತ್ರದಲ್ಲೇ ಓಡುವುದರಿಂದ ನೆಟ್‌ವರ್ಕ್‌ನ ತಲೆನೋವೂ ನಿಮ್ಮದೇ. ನೀವು ಔಲ್‌ಬೇರ್ ರೋಡಿಯೊದಿಂದ ಆರಂಭಿಸಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಈ ಆಟದಲ್ಲಿ ನಿಯಮವನ್ನು ಕಾಯುವವರು ನೀವು, ಯಂತ್ರವಲ್ಲ. ಗೇಮ್ ಮಾಸ್ಟರ್ ಆದವನ ಕಣ್ಣು ಗುಂಡಿಗಳನ್ನು ಹುಡುಕುತ್ತಿದ್ದರೆ ಆಟಗಾರರ ಮಾತನ್ನು ಕೇಳುವವರು ಯಾರು?

ಇದನ್ನು ಪೆಟ್ಟು ತಿಂದೇ ಕಲಿತಿದ್ದೇನೆ. ನನ್ನ ಮೊದಲ ಆಟಕ್ಕಾಗಿ ಕೋಟೆಯ ಏಳು ಸುತ್ತುಗಳನ್ನೂ ನಕಾಶೆಯಲ್ಲಿ ಬರೆಯಲು ಮೂರು ವಾರ ಕೂತಿದ್ದೆ. ಬತೇರಿಗಳು, ಬಾಗಿಲುಗಳು, ಹೊಂಡಗಳು, ಒಂದೊಂದು ಗೋಡೆಯ ಹಿಂದೆ ಬೆಳಕು ಎಲ್ಲಿ ತಡೆಯಬೇಕು ಎಂಬುದೂ ಸೇರಿ. ಆಟ ಶುರುವಾದ ಹತ್ತನೇ ನಿಮಿಷಕ್ಕೆ ಆಟಗಾರರು, ಕೋಟೆಗೆ ಬೆಳಗ್ಗೆ ಹೋಗೋಣ, ಈಗ ಚಂದ್ರವಳ್ಳಿಯ ಗುಹೆಯಲ್ಲಿ ಮಲಗೋಣ ಎಂದರು. ನನ್ನ ಬಳಿ ಚಂದ್ರವಳ್ಳಿಯ ನಕಾಶೆ ಇರಲಿಲ್ಲ. ಕೊನೆಗೆ ಖಾಲಿ ಪರದೆ ಇಟ್ಟುಕೊಂಡು ಬರೀ ಬಾಯಿಮಾತಿನಲ್ಲಿ ಗುಹೆಯನ್ನು ವರ್ಣಿಸಿದೆ. ಆ ರಾತ್ರಿ ಎಲ್ಲರಿಗೂ ನೆನಪಿರುವುದು ಆ ಗುಹೆಯೇ.

ಆದ್ದರಿಂದ ಒಂದು ಜಾಗ, ಒಂದು ರಾತ್ರಿ ಸಾಕು. ಓಬವ್ವನ ಕಿಂಡಿಯನ್ನೇ ತೆಗೆದುಕೊಳ್ಳಿ. ಬಂಡೆಗಳ ನಡುವೆ ಒಬ್ಬರು ಬಗ್ಗಿ ನುಸುಳುವಷ್ಟೇ ದಾರಿ, ಹತ್ತಿರದಲ್ಲಿ ತಣ್ಣೀರು ದೋಣಿ, ಹೊರಗೆ ಹೈದರಾಲಿಯ ಮುತ್ತಿಗೆ. ವರ್ಚುವಲ್ ಟೇಬಲ್‌ಟಾಪ್‌ಗೆ ಹೇಳಿ ಮಾಡಿಸಿದ ಸ್ಥಳ ಅದು. ನಕಾಶೆಯನ್ನು ಐದಡಿಗೊಂದು ಚೌಕದಂತೆ ಚೌಕುಳಿ ಮಾಡಿ ಕಿಂಡಿಗೆ ಒಂದೇ ಚೌಕದ ಅಗಲ ಕೊಡಿ. ಒಬ್ಬರ ಹಿಂದೆ ಒಬ್ಬರೇ ಹೋಗಬೇಕಾದಾಗ ಮುಂದೆ ಯಾರು ಎಂಬ ಚರ್ಚೆ ತಾನಾಗಿ ಹುಟ್ಟುತ್ತದೆ. ಇಂಥ ತಂತ್ರಾಂಶಗಳಲ್ಲಿ ಮಂಜಿನ ಪರದೆ ಎಂಬ ಸೌಲಭ್ಯವಿರುತ್ತದೆ. ಗೇಮ್ ಮಾಸ್ಟರ್‌ಗೆ ಇಡೀ ನಕಾಶೆ ಕಾಣುತ್ತದೆ, ಆಟಗಾರರಿಗೆ ಅವರು ತಲುಪಿದಷ್ಟು ಜಾಗ ಮಾತ್ರ ತೆರೆದುಕೊಳ್ಳುತ್ತದೆ. ನಿಜವಾದ ಮೇಜಿನ ಮೇಲೆ ಕಾಗದ ಮುಚ್ಚಿಟ್ಟು ಸರಿಸುವುದಕ್ಕಿಂತ ಇದು ಎಷ್ಟೋ ಚೆಂದ. ಪರದೆಯ ಆಟ ಮೇಜಿನ ಆಟವನ್ನು ಮೀರಿಸುವ ಕೆಲವೇ ಸಂದರ್ಭಗಳಲ್ಲಿ ಇದೊಂದು.

ಇತಿಹಾಸದ ವಿಷಯದಲ್ಲಿ ಒಂದು ಎಚ್ಚರಿಕೆ. ಮದಕರಿ ನಾಯಕರನ್ನಾಗಲಿ ಓಬವ್ವನನ್ನಾಗಲಿ ಆಟಗಾರರ ಕೈಗೆ ಪಾತ್ರವಾಗಿ ಕೊಡಬೇಡಿ. 1779ರಲ್ಲಿ ಕೋಟೆ ಬಿದ್ದದ್ದು ನಿಮ್ಮೂರಿನಲ್ಲಿ ಮಕ್ಕಳಿಗೂ ಗೊತ್ತು, ಗೊತ್ತಿರುವ ಕಥೆಯಲ್ಲಿ ದಾಳಕ್ಕೆ ಕೆಲಸವಿಲ್ಲ. ಹೆಸರಿಲ್ಲದ ನಾಲ್ವರು ಕಾವಲುಗಾರರು, ಒಬ್ಬ ಸುದ್ದಿ ಒಯ್ಯುವ ಹುಡುಗಿ, ಬೆಳಗಾಗುವುದರೊಳಗೆ ಒಂದು ಓಲೆಯನ್ನು ಕೋಟೆಯಿಂದ ಹೊರಗೆ ಮುಟ್ಟಿಸಬೇಕು. ಅಷ್ಟಿದ್ದರೆ ಮೂರು ಗಂಟೆಯ ಆಟಕ್ಕೆ ಧಾರಾಳ.

ಕನ್ನಡದ ಬಗ್ಗೆ: ಚಾಟ್‌ನಲ್ಲಿ, ಟಿಪ್ಪಣಿಗಳಲ್ಲಿ, ಟೋಕನ್‌ಗಳ ಹೆಸರಿನಲ್ಲಿ ಯೂನಿಕೋಡ್ ಕನ್ನಡ ತೊಂದರೆಯಿಲ್ಲದೆ ಮೂಡುತ್ತದೆ. ಪಾತ್ರದ ಹಾಳೆಯ ಶೀರ್ಷಿಕೆಗಳು ಮಾತ್ರ ಇಂಗ್ಲಿಷಿನಲ್ಲಿರುತ್ತವೆ. ಅದಕ್ಕೆ ಬದಲಾಗಿ ಒಂದು ಪುಟದ ಕನ್ನಡ ಹಾಳೆಯನ್ನು ನೀವೇ ಮಾಡಿ ಎಲ್ಲರಿಗೂ ಕಳುಹಿಸಿ. ಆಟದ ಆರು ಮೂಲ ಗುಣಗಳನ್ನು ನಾವು ಶಕ್ತಿ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಂದು ಕರೆಯುತ್ತೇವೆ. ಆಟಗಾರ ‘ಚುರುಕು ನೋಡ್ತೀನಿ’ ಎಂದು ದಾಳ ಎಸೆಯುವಾಗ ಬರುವ ಸಲೀಸು ಇಂಗ್ಲಿಷ್ ಪದದಲ್ಲಿ ಬಾರದು. ಮಾತಿಗೆ ಡಿಸ್ಕಾರ್ಡ್ ಎಂಬ ಗುಂಪು ಮಾತುಕತೆಯ ತಂತ್ರಾಂಶ ಬಳಸಿ, ಎಲ್ಲರೂ ಇಯರ್‌ಫೋನ್ ಹಾಕಿಕೊಳ್ಳಲಿ, ಇಲ್ಲವಾದರೆ ಒಬ್ಬರ ಸ್ಪೀಕರ್‌ನ ದನಿ ಇನ್ನೊಬ್ಬರ ಮೈಕ್‌ಗೆ ಹೋಗಿ ಗುಹೆಯಿಲ್ಲದೆಯೇ ಮಾರ್ದನಿ ಏಳುತ್ತದೆ. ಎದುರು ಕೂತಾಗ ಕಣ್ಣಿನಿಂದಲೇ ಸರದಿ ತಿಳಿಯುತ್ತದೆ, ಆನ್‌ಲೈನ್‌ನಲ್ಲಿ ತಿಳಿಯುವುದಿಲ್ಲ. ಹಾಗಾಗಿ ಗೇಮ್ ಮಾಸ್ಟರ್ ಹೆಸರು ಹಿಡಿದು ‘ಈಗ ನೀನು ಏನು ಮಾಡ್ತೀಯ’ ಎಂದು ಕೇಳುತ್ತ ಹೋಗಬೇಕು, ಮೆತ್ತಗೆ ಮಾತಾಡುವವರನ್ನು ಮೊದಲು ಕೇಳಬೇಕು. ನಾಲ್ವರಿಗಿಂತ ಹೆಚ್ಚು ಆಟಗಾರರನ್ನು ಮೊದಲ ಸಲಕ್ಕೆ ಸೇರಿಸಿಕೊಳ್ಳಬೇಡಿ.

ಪ್ರಶ್ನೆ: ಗಣಕಯಂತ್ರದ ದಾಳ ಮೋಸ ಮಾಡುತ್ತದೆ ಎಂಬುದು ನನ್ನ ಅನುಮಾನ. ಒಂದು ಇಡೀ ಸಂಜೆ ನನಗೆ ಇಪ್ಪತ್ತು ಬೀಳಲೇ ಇಲ್ಲ.
– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಇಪ್ಪತ್ತು ಮುಖದ ನ್ಯಾಯವಾದ ದಾಳವನ್ನು ಇಪ್ಪತ್ತು ಸಲ ಎಸೆದಾಗ ಒಮ್ಮೆಯೂ ಇಪ್ಪತ್ತು ಬೀಳದಿರುವ ಸಾಧ್ಯತೆ ನೂರಕ್ಕೆ ಸುಮಾರು 36. ನಿಮ್ಮಂತೆ ಮೂವರು ಆಡಿದರೆ ಅವರಲ್ಲಿ ಒಬ್ಬರು ಈ ಪತ್ರವನ್ನು ನನಗೆ ಬರೆಯುವುದು ಸಹಜವೇ. ಹೆಸರುವಾಸಿ ತಂತ್ರಾಂಶಗಳ ದಾಳ ನಿಮ್ಮನ್ನು ಗುರಿಯಿಟ್ಟು ಸೋಲಿಸುವುದಿಲ್ಲ, ಅದರಿಂದ ಅವಕ್ಕೆ ಲಾಭವೂ ಇಲ್ಲ. ಯಂತ್ರದ ದಾಳ ಒಪ್ಪದ ಗುಂಪುಗಳು ತಮ್ಮ ತಮ್ಮ ಮನೆಯಲ್ಲೇ ನಿಜವಾದ ದಾಳ ಎಸೆದು ಸಂಖ್ಯೆಯನ್ನು ಬಾಯಲ್ಲಿ ಹೇಳುತ್ತವೆ. ಗೆಳೆಯರ ಮೇಲೆ ಅಷ್ಟು ನಂಬಿಕೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ನಂಬಿಕೆ ಇಲ್ಲವಾದರೆ ಯಂತ್ರವೇ ವಾಸಿ.

ಪ್ರಶ್ನೆ: ಫೌಂಡ್ರಿ ಕೊಂಡೆ. ನನ್ನ ಗಣಕಯಂತ್ರದಲ್ಲಿ ಚೆನ್ನಾಗಿ ತೆರೆಯುತ್ತದೆ, ಆದರೆ ನಾನು ಕಳುಹಿಸಿದ ಕೊಂಡಿ ಒತ್ತಿದರೆ ಗೆಳೆಯರಿಗೆ ಏನೂ ಬರುವುದಿಲ್ಲ. ಫೋನಿನ ಹಾಟ್‌ಸ್ಪಾಟ್ ಬಳಸುತ್ತಿದ್ದೇನೆ. ಸಾಲದ್ದಕ್ಕೆ ನಮ್ಮಲ್ಲಿ ಸಂಜೆ ಕರೆಂಟ್ ಹೋಗುತ್ತದೆ.
– ಓದುಗರು, ಜಗಳೂರು

ಉತ್ತರ: ದೋಷ ಹಾಟ್‌ಸ್ಪಾಟ್‌ನ ಕಡೆ ಇದೆ. ಹೊರಗಿನವರು ನಿಮ್ಮ ಗಣಕಯಂತ್ರವನ್ನು ತಲುಪಬೇಕಾದರೆ ನಿಮಗೆ ಅಂತರಜಾಲದಲ್ಲಿ ನಿಮ್ಮದೇ ಆದ ಒಂದು ವಿಳಾಸವಿರಬೇಕು. ಮೊಬೈಲ್ ಜಾಲಗಳು ಸಾಮಾನ್ಯವಾಗಿ ಹಾಗೆ ಮಾಡದೆ, ಒಂದೇ ಹಳೆಯ ಮಾದರಿಯ ವಿಳಾಸವನ್ನು ಸಾವಿರಾರು ಗ್ರಾಹಕರಿಗೆ ಹಂಚಿರುತ್ತವೆ. ಹೊರಗೆ ಹೋಗುವ ಪತ್ರಕ್ಕೆ ದಾರಿಯಿದೆ. ಒಳಗೆ ಬರುವ ಪತ್ರಕ್ಕೆ, ದೊಡ್ಡ ವಠಾರದ ಬಾಗಿಲಲ್ಲಿ ನಿಂತ ಅಂಚೆಯವನಿಗೆ ಮನೆಯ ಸಂಖ್ಯೆ ಇಲ್ಲದಂಥ ಸ್ಥಿತಿ. ರೌಟರ್‌ನಲ್ಲಿ ಫೌಂಡ್ರಿಯ 30000ನೆಯ ಪೋರ್ಟ್, ಅಂದರೆ ಒಳಬರುವ ಸಂಪರ್ಕದ ಬಾಗಿಲು, ತೆರೆಯಿರಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಸ್ವಂತ ವಿಳಾಸವಿರುವ ಬ್ರಾಡ್‌ಬ್ಯಾಂಡ್‌ನವರಿಗೆ, ನಿಮಗಲ್ಲ. ನಿಮಗೆ ಮೂರು ದಾರಿಗಳಿವೆ. ನಿಮ್ಮ ಜಾಲವೂ ಗೆಳೆಯರ ಜಾಲವೂ ಐಪಿವಿ6 ಎಂಬ ಹೊಸ ಮಾದರಿಯ ವಿಳಾಸ ಕೊಡುತ್ತಿದ್ದು, ಒಳಬರುವ ಸಂಪರ್ಕಕ್ಕೆ ಎಲ್ಲೂ ತಡೆಯಿಲ್ಲದಿದ್ದರೆ ಆ ವಿಳಾಸದ ಮೂಲಕ ಪ್ರಯತ್ನಿಸಬಹುದು. ಹೊರಗಿನ ಒಂದು ಸರ್ವರ್ ಮೂಲಕ ಹಾಯ್ದು ಬರುವ ಟನಲ್ ಸೇವೆ ಬಳಸಬಹುದು. ಇಲ್ಲವೇ ತಿಂಗಳ ಬಾಡಿಗೆಗೆ ಫೌಂಡ್ರಿಯನ್ನು ತಮ್ಮ ಸರ್ವರ್‌ನಲ್ಲಿ ಇಟ್ಟುಕೊಡುವವರ ಮೊರೆ ಹೋಗಬಹುದು. ಕರೆಂಟ್ ಹೋಗುವ ಊರಿಗೆ ಮೂರನೆಯದೇ ಸರಿ, ನಿಮ್ಮ ಮನೆ ಕತ್ತಲಾದರೂ ಉಳಿದವರ ಮೇಜು ಹಾಗೆಯೇ ಇರುತ್ತದೆ.

ಆಟ ಕಥೆಯದಲ್ಲದೆ ಬೋರ್ಡ್ ಗೇಮ್ ಆಗಿದ್ದರೆ ಕರೆಂಟ್‌ನ ಗೋಜೇ ಇಲ್ಲದ ದಾರಿಯಿದೆ. ಬೋರ್ಡ್ ಗೇಮ್ ಅರೀನಾದಲ್ಲಿ ದಿನಕ್ಕೊಂದು ನಡೆಯಂತೆ ನಿಧಾನವಾಗಿ ಆಡುವ ವಿಧಾನವೂ ಇದೆ. ಬೆಳಗ್ಗೆ ಹೊಲಕ್ಕೆ ಹೊರಡುವ ಮುನ್ನ ನಿಮ್ಮ ನಡೆ ಇಟ್ಟರೆ ರಾತ್ರಿಯೊಳಗೆ ಎದುರಾಳಿಯ ಉತ್ತರ ಬಂದಿರುತ್ತದೆ. ಹಿಂದೆ ಅಂಚೆ ಕಾರ್ಡಿನಲ್ಲಿ ಚದುರಂಗ ಆಡುತ್ತಿದ್ದವರ ತಾಳ್ಮೆ ಇದ್ದರೆ ಅದರ ರುಚಿಯೇ ಬೇರೆ.

ಪ್ರಶ್ನೆ: ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ ನಿಷೇಧಿಸಿದೆ ಎಂದು ಕೇಳಿದೆ. ಹದಿನಾಲ್ಕು ವರ್ಷದ ಮಗ ಆಡುವುದು ಅಪರಾಧವಾಗುತ್ತದೆಯೇ?
– ತಾಯಿಯೊಬ್ಬರು, ಹಿರಿಯೂರು

ಉತ್ತರ: ಆಗುವುದಿಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ ತಡೆಯುವುದು ಹಣ ಪಣವಿಟ್ಟು ಹಣ ಗೆಲ್ಲುವ ಆಟಗಳನ್ನು, ಅವು ಕೌಶಲದ್ದಾಗಲಿ ಅದೃಷ್ಟದ್ದಾಗಲಿ. ಮನರಂಜನೆಗಾಗಿ ಆಡುವ ಆಟಗಳಿಗೆ ಅದರಲ್ಲಿ ಪ್ರತ್ಯೇಕ ಸ್ಥಾನವಿದೆ. ಪ್ರವೇಶಕ್ಕೆಂದು ಕೊಡುವ ಚಂದಾ ಪಣವಲ್ಲ. ನೀವು ಗಮನಿಸಬೇಕಾದದ್ದು ಕಾನೂನಿಗಿಂತ ಮೈಕ್ ಅನ್ನು. ಪರಿಚಿತ ಗೆಳೆಯರ ಖಾಸಗಿ, ಗುಪ್ತಪದವಿರುವ ಕೋಣೆಯಲ್ಲೇ ಆಡಲಿ, ಅಪರಿಚಿತರು ಬಂದು ಸೇರುವ ತೆರೆದ ಕೋಣೆ ಈ ವಯಸ್ಸಿಗೆ ಬೇಡ. ಒಂದು ಸಂಜೆ ಪಕ್ಕದಲ್ಲಿ ಕೂತು ಒಂದು ಪಾತ್ರವನ್ನು ನೀವೂ ಕೇಳಿ ಪಡೆಯಿರಿ.

ಪ್ರಶ್ನೆ: ನಾನು ಕೊಂಡ ಒಂದು ಬೋರ್ಡ್ ಗೇಮಿನ ಎಲೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಟೇಬಲ್‌ಟಾಪ್ ಸಿಮ್ಯುಲೇಟರ್‌ಗೆ ಹಾಕಿ ಎಲ್ಲರಿಗೂ ಸಿಗುವಂತೆ ಮಾಡಿದರೆ ತಪ್ಪೇ? ಇನ್ನೊಂದು: ನಮ್ಮ ಗುಂಪಿನಲ್ಲಿ ಒಬ್ಬನಿದ್ದಾನೆ, ಸೋಲುವ ಲಕ್ಷಣ ಕಂಡ ಕೂಡಲೇ ಮೇಜನ್ನೇ ಮಗುಚಿ ಹಾಕುತ್ತಾನೆ.
– ಓದುಗರು, ಚಳ್ಳಕೆರೆ

ಉತ್ತರ: ಆಟದ ಉಪಾಯಕ್ಕೆ, ಆಡುವ ಕ್ರಮಕ್ಕೆ ಕೃತಿಸ್ವಾಮ್ಯವಿಲ್ಲ. ವಿಚಾರಕ್ಕೆ ಹಕ್ಕಿಲ್ಲ, ಅದನ್ನು ಅಭಿವ್ಯಕ್ತಿಸಿದ ರೂಪಕ್ಕೆ ಮಾತ್ರ ಹಕ್ಕಿದೆ ಎಂಬುದನ್ನು ನಮ್ಮ ಸುಪ್ರೀಂ ಕೋರ್ಟ್ 1978ರಷ್ಟು ಹಿಂದೆಯೇ ಹೇಳಿದೆ. ಆದರೆ ಎಲೆಗಳ ಮೇಲಿನ ಚಿತ್ರ, ನಿಯಮ ಪುಸ್ತಕದ ಬರಹ, ಆಟದ ಲಾಂಛನ ಇವೆಲ್ಲ ಅಂಥ ರೂಪಗಳೇ. ಅವನ್ನು ಸ್ಕ್ಯಾನ್ ಮಾಡಿ ಊರಿಗೆಲ್ಲ ಹಂಚುವುದು ಪ್ರಕಾಶಕರ ಹಕ್ಕಿಗೆ ಕೈಹಾಕಿದಂತೆ. ಬೇರೆಯವರು ಹಾಗೆ ಮಾಡಿದ್ದಾರೆ ಎಂಬುದು ಅನುಮತಿಯಾಗುವುದಿಲ್ಲ. ಪ್ರಕಾಶಕರೇ ಬಿಡುಗಡೆ ಮಾಡಿದ ಅಧಿಕೃತ ಆವೃತ್ತಿ ಇದೆಯೇ ಎಂದು ಮೊದಲು ನೋಡಿ, ಇಲ್ಲದಿದ್ದರೆ ಒಂದು ಪತ್ರ ಬರೆದು ಕೇಳಿ. ಸಣ್ಣ ಪ್ರಕಾಶಕರು ಎಷ್ಟೋ ಸಲ ಸಂತೋಷದಿಂದ ಒಪ್ಪುತ್ತಾರೆ.

ಇನ್ನು ಮೇಜು ಮಗುಚುವ ಗೆಳೆಯ. ಆ ತಂತ್ರಾಂಶ ಮಾಡಿದವರು ಮೇಜು ಮಗುಚಲು ಒಂದು ಗುಂಡಿಯನ್ನೇ ಇಟ್ಟಿದ್ದಾರೆ, ಮನುಷ್ಯಸ್ವಭಾವ ಬಲ್ಲವರು. ಆಟವನ್ನು ತೆರೆದವರಿಗೆ ಅನುಮತಿಗಳ ಪಟ್ಟಿ ಸಿಗುತ್ತದೆ, ಅಲ್ಲಿ ಉಳಿದವರಿಗೆ ಮೇಜು ಮಗುಚುವ ಅನುಮತಿಯನ್ನು ತೆಗೆದುಹಾಕಿ. ಆಗಲೇ ಮಗುಚಿದ್ದರೆ ಕಾಯಿಗಳನ್ನು ಹೆಕ್ಕುತ್ತ ಕೂರಬೇಡಿ. ಮೇಜನ್ನು ಕೆಲವು ಕ್ಷಣ ಹಿಂದಕ್ಕೆ ಒಯ್ಯುವ ಗುಂಡಿಯೂ ಅಲ್ಲೇ ಇದೆ. ಅದನ್ನು ಒತ್ತಿ, ಅವನ ಸರದಿ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಆಡಿಸಿ.